ಹಾಡುಗಳಿಗೂ ಜಾತಕ ಬೇಕು

ಡಿಜೆ ಎಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಒಂದು ಕೈ ಮೇಲೆತ್ತಿ ಕುಣಿಯುವವನು ಎಂದು ನಂಬಿದವರೇ ಹೆಚ್ಚು. ಅಸಲಿಗೆ ಆತ ಪಕ್ಕಾ ಜೋಯಿಸ. ಎರಡು ಹಾಡುಗಳಿಗೆ ಗಂಟು ಹಾಕುವ ಮುನ್ನ ಜಾತಕ ನೋಡಲೇಬೇಕು.

ಮೊದಲು ವೇಗ. 1980ರ ದಶಕದಲ್ಲಿ ಷಿಕಾಗೋದ ಕ್ಲಬ್ಬುಗಳಲ್ಲಿ ಫ್ರಾಂಕಿ ನಕಲ್ಸ್‌ನಂಥವರು ಬೆಳೆಸಿದ ಹೌಸ್ ಸಂಗೀತದ್ದು ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬಡಿತ. 122ರ ವರನಿಗೆ 126ರ ವಧು ಬಂದರೆ ಚಿಂತೆಯಿಲ್ಲ. ವೇಗ ಬದಲಿಸುವ ಪಿಚ್ ಸ್ಲೈಡರನ್ನು ಕೊಂಚ ಸರಿಸಿದರೆ ಇಬ್ಬರದೂ ಒಂದೇ ಹೆಜ್ಜೆ. ಆದರೆ ಹಳೆಯ ಟರ್ನ್‌ಟೇಬಲ್‌ನಲ್ಲಿ ವೇಗ ಸುಮಾರು ಶೇ. 6ರಷ್ಟು ಏರಿದರೆ ಶ್ರುತಿಯೂ ಅರ್ಧ ಸ್ವರ ಏರುತ್ತದೆ. ಅವಸರಕ್ಕೆ ವಧುವಿನ ನಕ್ಷತ್ರವೇ ಬದಲು! ಈಗಿನ ಯಂತ್ರಗಳಲ್ಲಿ ಆ ದೋಷಕ್ಕೆ ಶಾಂತಿ ಉಂಟು, ಕೀ ಲಾಕ್ ಎಂಬ ಗುಂಡಿ.

ಆಮೇಲೆ ಶ್ರುತಿ. ಸಂಗೀತಶಾಸ್ತ್ರ ಓದದವರಿಗೆಂದೇ ಕೆಮೆಲಾಟ್ ಚಕ್ರವಿದೆ. ರಾಶಿಚಕ್ರದಂತೆ ಅದಕ್ಕೂ ಹನ್ನೆರಡು ಮನೆ. ಮೈನರ್ ಶ್ರುತಿಗೆ ಎ, ಮೇಜರ್ ಶ್ರುತಿಗೆ ಬಿ. 8ಎ ಹಾಡಿಗೆ 8ಎ, 7ಎ, 9ಎ, 8ಬಿ ಕೂಡಿಬರುತ್ತವೆ. ಜ್ಯೋತಿಷದಲ್ಲಿ ಸಮಸಪ್ತಕ, ಅಂದರೆ ಎದುರುಬದುರು ರಾಶಿ, ಶುಭವಂತೆ. ಇಲ್ಲಿ ಮಾತ್ರ ಎದುರು ಮನೆಯ 2ಎ ಬಂದರೆ ಮಂಟಪದಲ್ಲೇ ಜಗಳ. ಬರೀ ಡ್ರಮ್ಮಿನಿಂದ ಶುರುವಾಗುವ ಹಾಡು ಪುಣ್ಯವಂತ; ಶ್ರುತಿಯೇ ಇಲ್ಲದ ಆ ಭಾಗಕ್ಕೆ ಯಾವ ದೋಷವೂ ತಟ್ಟದು.

ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿದರೂ ಒಂದು ಎಚ್ಚರ ಬೇಕು. ಎರಡೂ ಹಾಡುಗಳ ಬಾಸ್ ಒಟ್ಟಿಗೆ ಬಿಟ್ಟರೆ ಬರೀ ಗೊಜಗೊಜ. ಹೊಸಬರ ಬಾಸ್ ಏರುವಾಗ ಹಳಬರದು ಇಳಿಯಬೇಕು. ಈ ನಿಯಮವನ್ನು ಅತ್ತೆಯಂದಿರಿಗೆ ಹೇಳುವ ಧೈರ್ಯ ಯಾವ ಡಿಜೆಗೂ ಇಲ್ಲ.