ಪರಮವಿಧೇಯನ ಸಂದರ್ಶನ

ಆದವಾನಿಗೆ ಬರುವ ಇತಿಹಾಸಾಸಕ್ತರು ಕೋಟೆಯ ಬಂಡೆಗಳನ್ನು ಮಾತನಾಡಿಸುತ್ತಾರೆ, ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜುಮ್ಮಾ ಮಸೀದಿಯ ಕಲ್ಲುಗಳ ಬಳಿ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಾರೆ. ವ್ಯಾಪಾರಿಗಳು ಮಾರ್ಕೆಟ್ ಯಾರ್ಡಿನಲ್ಲಿ ದಿನದ ಧಾರಣೆಯನ್ನು ವಿಚಾರಿಸುತ್ತಾರೆ. ಆದರೆ ಈ ಸೀಮೆಯ ಹತ್ತಿಯು ಕಾಳನ್ನು ಕಳಚಿಕೊಂಡು ಅರಳೆಯಾಗಿ, ಅರಳೆಯು 170 ಕಿಲೋ ತೂಗುವ ಬೇಲಾಗಿ ಲಾರಿಯನ್ನೇರುವವರೆಗೆ ಯಾವಾತನ ಅಪ್ಪಣೆಯಿಲ್ಲದೆ ಪ್ರೆಸ್ಸಿನ ಒಂದು ವಾಲ್ವಾದರೂ ಕದಲದೋ, ಆ ಮಹನೀಯನನ್ನು ಕುಶಲ ಕೇಳಿದವರು ಬಹಳ ವಿರಳ. ಆತನ ವಾಸ ಗಿರಣಿಯ ಮೂಲೆಯ ಒಂದು ಕಬ್ಬಿಣದ ಬೀರುವಿನಲ್ಲಿ. ಆಹಾರ 24 ವೋಲ್ಟ್ ವಿದ್ಯುತ್ತು. ಮೈಮೇಲೆ ಹತ್ತಿಯ ಧೂಳಿನ ಉತ್ತರೀಯ. ಬಲ್ಲವರು ಆತನನ್ನು ಪಿ.ಎಲ್.ಸಿ. (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್) ಎನ್ನುತ್ತಾರೆ, ಕೂಲಿಯವರು ಬರಿದೆ ‘ಪ್ಯಾನಲ್ಲು’ ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆಂದು ಪ್ರೆಸ್ಸು ನಿಂತಿದ್ದ ಹೊತ್ತಿನಲ್ಲಿ ಆತನು ಕೃಪೆಯಿಟ್ಟು ದಯಪಾಲಿಸಿದ ಸಂದರ್ಶನವಿದು.

ಲೇಖಕ: ಮಹಾಶಯರೇ, ಮೊದಲು ತಮ್ಮ ವಂಶವೃತ್ತಾಂತವನ್ನು ಅಪ್ಪಣೆ ಕೊಡಿಸಬೇಕು.

ಪಿ.ಎಲ್.ಸಿ.: ನಮ್ಮದು ಪ್ರಾಚೀನ ಕುಲವಲ್ಲ ಸ್ವಾಮೀ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದವರು, ಕಾರಿನ ಮಾದರಿ ಬದಲಾದಾಗಲೆಲ್ಲ ಗೋಡೆಯುದ್ದಕ್ಕೂ ಹಬ್ಬಿದ್ದ ರಿಲೇಗಳ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟುವ ಕ್ಲೇಶಕ್ಕೆ ಬೇಸತ್ತು, ಬರವಣಿಗೆಯನ್ನು ತಿದ್ದಿದ ಮಾತ್ರಕ್ಕೆ ನಡತೆಯನ್ನು ತಿದ್ದಿಕೊಳ್ಳುವ ಸೇವಕನೊಬ್ಬನು ಬೇಕೆಂದು ಕೇಳಿದರು. ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ ರಿಚರ್ಡ್ ಮಾರ್ಲಿ ಮತ್ತು ಸಂಗಡಿಗರು ಅಂಥವನನ್ನು ನಿರ್ಮಿಸಿದರು. ಅದು ಅವರು ಕೈಗೊಂಡ 84ನೆಯ ಕೆಲಸ. ಆದ್ದರಿಂದ ನಮ್ಮ ಮೂಲಪುರುಷನ ನಾಮಧೇಯ ಮಾಡಿಕಾನ್ 084.

ಲೇಖಕ: ಹತ್ತಿಯ ನಂಟು ಬೆಳೆದುದು ಹೇಗೆ?

ಪಿ.ಎಲ್.ಸಿ.: ಹಿಂದೆ ಈ ದೇಶದ ಪ್ರೆಸ್ಸುಗಳಲ್ಲಿ ಆಳುಗಳು ಪೆಟ್ಟಿಗೆಗಿಳಿದು ಅರಳೆಯನ್ನು ಕಾಲಿನಿಂದ ತುಳಿದು ತುಂಬುತ್ತಿದ್ದರು. 2000ದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹತ್ತಿಯ ತಂತ್ರಜ್ಞಾನ ಮಿಷನ್ ಎಂಬುದನ್ನು ಆರಂಭಿಸಿ, ಅದರ ನಾಲ್ಕನೆಯ ಭಾಗವನ್ನು ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಸುಧಾರಣೆಗೆ ಮೀಸಲಿರಿಸಿತು. ಸ್ವಯಂಚಾಲಿತ ಪ್ರೆಸ್ಸುಗಳು ಹೆಚ್ಚಿದವು. ಅವುಗಳ ಹಿಂದೆಯೇ ನಮ್ಮವರೂ ಬಂದರು. ನನ್ನ ದಿನಚರಿ ಸರಳವಾದುದು: ಸೆನ್ಸರುಗಳು ಹೇಳಿದ್ದನ್ನು ಕೇಳುವುದು, ನನ್ನೊಳಗೆ ಬರೆದಿಟ್ಟ ಏಣಿಯಾಕಾರದ ತರ್ಕದೊಡನೆ ತಾಳೆ ನೋಡುವುದು, ವಾಲ್ವು ಮೋಟಾರುಗಳಿಗೆ ಆಜ್ಞೆ ಕೊಡುವುದು, ಮತ್ತೆ ಕೇಳುವುದು. ಇದಿಷ್ಟೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಸಭೆ ಸೇರಿಸುವುದಿಲ್ಲ, ಕಡತ ಮುಂದೂಡುವುದಿಲ್ಲ.

ಲೇಖಕ: ಇಂಥ ನೆಮ್ಮದಿಯ ಬಾಳಿಗೆ ನೆಟ್‌ವರ್ಕಿನ ಉಪಾಧಿ ಏಕೆ ಅಂಟಿತು?

ಪಿ.ಎಲ್.ಸಿ.: ಸಾಹುಕಾರರ ಬೆರಳಿನಿಂದ. ಗಿರಣಿಗೆ ಬಂದು ಬೇಲುಗಳನ್ನು ಎಣಿಸುವುದಕ್ಕೆ ಅವರಿಗೆ ಎರಡು ಕಣ್ಣುಗಳಿವೆ, ಲೆಕ್ಕ ಬರೆಯುವುದಕ್ಕೆ ಗುಮಾಸ್ತರಿದ್ದಾರೆ. ಆದರೂ ಮನೆಯ ಉಯ್ಯಾಲೆಯ ಮೇಲೆ ಕುಳಿತು ಮೊಬೈಲಿನ ಮೇಲೆ ಬೆರಳಾಡಿಸಿದೊಡನೆ ಆ ಕ್ಷಣದ ಎಣಿಕೆ ಕಾಣಬೇಕೆಂಬ ಆಸೆಯು ಅವರಲ್ಲಿ ಅಂಕುರಿಸಿತು. ಮರುದಿನವೇ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಇಂಜಿನಿಯರೊಬ್ಬರು ಬಿಜಯಂಗೈದರು. ನನ್ನ ಮೈಗೆ ಒಂದು ನೀಲಿ ಕೇಬಲನ್ನು ಚುಚ್ಚಿ, ‘ಐದು ನಿಮಿಷದ ಕೆಲಸ ಸಾವ್ಕಾರ್ರೇ’ ಎಂದರು.

ಲೇಖಕ: ಐದು ನಿಮಿಷದಲ್ಲಿ ಮುಗಿಯಿತೇ?

ಪಿ.ಎಲ್.ಸಿ.: ಐದು ನಿಮಿಷ ಎಂಬುದು ಆ ವೃತ್ತಿಯವರ ಮಂಗಳಾಚರಣೆ, ಅದನ್ನು ಕಾಲಮಾನವೆಂದು ತಿಳಿಯಬಾರದು. ನನ್ನ ವಿಳಾಸ 192.168.0.1, ಅವರ ಲ್ಯಾಪ್‌ಟಾಪಿನದು 192.168.1.10. ಇಬ್ಬರೂ ಒಂದೇ ಮೂಲೆಯಲ್ಲಿ, ಒಂದೇ ತಂತಿಯ ಎರಡು ತುದಿಗಳಲ್ಲಿ; ಆದರೂ ಅವರು ಪಿಂಗ್ ಎಂದು ಕೂಗಿದರೆ ನನ್ನ ಕಿವಿಗೆ ಬೀಳದು. 255.255.255.0 ಎಂಬ ಮಾಸ್ಕು ನಮ್ಮ ನಡುವೆ ಗಡಿಯೊಂದನ್ನು ಎಳೆದಿತ್ತು: ಮೊದಲ ಮೂರು ಸಂಖ್ಯೆಗಳು ಒಂದೇ ಆದವರು ಮಾತ್ರ ಒಂದೇ ಊರಿನವರು, ಉಳಿದವರು ಪರದೇಶಿಗಳು. ಗಡಿಯ ಮಹಿಮೆಯನ್ನು ಆದವಾನಿಯವರಿಗೆ ಬಿಡಿಸಿ ಹೇಳಬೇಕೇ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಸೀಳಿ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಕೊಟ್ಟರಷ್ಟೆ. ಆದರೆ ನಿಮ್ಮ ನೆಂಟಸ್ತಿಕೆಯು ಆ ಗೆರೆಯನ್ನು ಲೆಕ್ಕಿಸದೆ ಈಗಲೂ ದಾಟುತ್ತದೆ. ನನ್ನ ಮಾತಾದರೋ ನಡುವೆ ಗೇಟ್‌ವೇ ಎಂಬ ಠಾಣೆಯಿಲ್ಲದಿದ್ದರೆ ಒಂದು ಅಂಗುಲವೂ ದಾಟದು. ಇಂಜಿನಿಯರು ಕೇಬಲು ಬದಲಿಸಿದರು, ಸ್ವಿಚ್ಚು ಬದಲಿಸಿದರು, ಚಹಾ ತರಿಸಿದರು. ತಮ್ಮ ವಿಳಾಸದ ಮೂರನೆಯ ಸಂಖ್ಯೆಯಾಗಿ 1 ಇದ್ದಲ್ಲಿ 0 ಬರೆಯಬೇಕೆಂಬುದು ಸಂಜೆಗೆ ಹೊಳೆಯಿತು.

ಲೇಖಕ: ಆಮೇಲೆ ಸಂಪರ್ಕ ಸುಸ್ಥಿರವಾಯಿತಷ್ಟೆ?

ಪಿ.ಎಲ್.ಸಿ.: ಬಂದಿತು, ಹೋಯಿತು, ಮತ್ತೆ ಬಂದಿತು. ಆಫೀಸಿನ ವೈ-ಫೈ ರೂಟರಿನ ವಿಳಾಸವೂ 192.168.0.1 ಆಗಿದ್ದಿತು, ಒಂದೇ ಬಾಗಿಲಸಂಖ್ಯೆಯ ಇಬ್ಬರಲ್ಲಿ ಅಂಚೆ ಯಾರ ಕೈಗೆ ಸಿಕ್ಕಿತೋ ಅವರದಾಗುತ್ತಿದ್ದಿತು. ಯಾವ ಯಂತ್ರಕ್ಕೆ ಯಾವ ವಿಳಾಸವೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರೆ ಈ ವ್ಯಾಜ್ಯವೇ ಹುಟ್ಟುತ್ತಿರಲಿಲ್ಲ. ಕಾಳಿನ ಪ್ರತಿಯೊಂದು ಚೀಲಕ್ಕೂ ಲೆಕ್ಕವಿಡುವ ಗಿರಣಿಯಲ್ಲಿ ವಿಳಾಸಗಳ ಲೆಕ್ಕಕ್ಕೆ ಮಾತ್ರ ಪುಸ್ತಕವಿರಲಿಲ್ಲ.

ಲೇಖಕ: ತಾವು ಮಾತನಾಡುವ ಭಾಷೆ ಯಾವುದು?

ಪಿ.ಎಲ್.ಸಿ.: ಮಾಡ್‌ಬಸ್. 1979ರಲ್ಲಿ ಮಾಡಿಕಾನ್ ಸಂಸ್ಥೆಯವರು ರೂಪಿಸಿದ ಭಾಷೆ. ವ್ಯಾಕರಣ ಅಂಗೈಯಗಲ: 3 ಎಂದರೆ ಓದಿ ಹೇಳು, 6 ಎಂದರೆ ಬರೆದುಕೋ. ಹಳೆಯ ಪದ್ಧತಿಯಲ್ಲಿ ಎರಡೆಳೆಯ ಆರ್‌ಎಸ್-485 ತಂತಿಯ ಮೇಲೆ 1,200 ಮೀಟರುಗಳವರೆಗೂ ಈ ಭಾಷೆ ಸಾಗುತ್ತದೆ. ಎರಡು ತುದಿಗಳಲ್ಲೂ 120 ಓಮಿನ ರೆಸಿಸ್ಟರನ್ನು ಕಟ್ಟಬೇಕು, ದೊಡ್ಡ ಮೋಟಾರಿನ ಡ್ರೈವಿನ ಕೇಬಲಿನ ಪಕ್ಕದಲ್ಲಿ ಎಳೆಯಬಾರದು. ಒಂದೆಳೆಗೆ ಎ ಎಂದೂ ಇನ್ನೊಂದಕ್ಕೆ ಬಿ ಎಂದೂ ಹೆಸರು. ಆದರೆ ಒಬ್ಬ ತಯಾರಕನ ಎ ಮತ್ತೊಬ್ಬನಿಗೆ ಬಿ. ಹೀಗಾಗಿ ಮಾತು ಹೊರಡದಿದ್ದಾಗ ಎಳೆಗಳನ್ನು ಅದಲುಬದಲು ಮಾಡಿ ನೋಡುವುದು ಈ ಶಾಸ್ತ್ರದಲ್ಲಿ ಸರ್ವಸಮ್ಮತವಾದ ಚಿಕಿತ್ಸೆ.

ಲೇಖಕ: ಅಂತೂ ಸಾಹುಕಾರರಿಗೆ ಎಣಿಕೆ ಕಂಡಿತು.

ಪಿ.ಎಲ್.ಸಿ.: ಕಂಡಿತು, ನಿಜ, ಕಂಡದ್ದು ಏನೆಂಬುದೇ ಪ್ರಶ್ನೆ. ಕೈಪಿಡಿಯಲ್ಲಿ 40001 ಎಂದು ಮುದ್ರಿತವಾದ ನನ್ನ ಸ್ಮೃತಿಯ ಅರೆಯನ್ನು ತಂತಿಯ ಮೇಲೆ ಸೊನ್ನೆಯೆಂದು ಕರೆಯಬೇಕು. ಇದನ್ನರಿಯದೆ ಒಂದು ಮನೆ ಮುಂದಕ್ಕೆ ಕೇಳಿದ್ದರಿಂದ ಬೇಲುಗಳ ಸ್ಥಾನದಲ್ಲಿ ಹೈಡ್ರಾಲಿಕ್ ಎಣ್ಣೆಯ ಉಷ್ಣಾಂಶ ದೊರೆಯಿತು. ಬೆಳಗಿನ ಉಪಾಹಾರಕ್ಕೆ ಮೊದಲೇ 47 ಬೇಲು ಬಿದ್ದಿವೆಯೆಂದು ಸಾಹುಕಾರರು ಹಿಗ್ಗಿದರು. ತಿದ್ದಿದ ಮೇಲೆ ಇನ್ನೊಂದು ಕೌತುಕ ಸಂಭವಿಸಿತು. ನನ್ನ ಒಂದು ಅರೆಯಲ್ಲಿ 65,535ಕ್ಕೆ ಮೀರಿದ ಸಂಖ್ಯೆ ಹಿಡಿಸದಾದ್ದರಿಂದ ದೊಡ್ಡ ಎಣಿಕೆಯನ್ನು ಎರಡು ಅರೆಗಳಲ್ಲಿ ಹಂಚಿಡುತ್ತೇನೆ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಮಾಡ್‌ಬಸ್ ಕಟ್ಟುಮಾಡಿಲ್ಲ. ಮೊಬೈಲು ತಿರುಗುಮುರುಗಾಗಿ ಓದಿತು. ನಾನು ಒತ್ತಿದ್ದು ಒಂದು ಬೇಲು. ಅಲ್ಲಿ ಮೂಡಿದ್ದು 65,536. ತೂಕಕ್ಕಿಳಿಸಿದರೆ 1,11,41,120 ಕಿಲೋ ಅರಳೆ! ಕುಬೇರನ ಉಗ್ರಾಣವೂ ಅಷ್ಟು ಶೀಘ್ರವಾಗಿ ತುಂಬಿರಲಾರದು.

ಲೇಖಕ: ತಾವು ಇಷ್ಟೊಂದು ಸರಾಗವಾಗಿ ಉತ್ತರಿಸುತ್ತಿದ್ದೀರಿ. ಕೇಳುತ್ತಿರುವವನು ಯಾರೆಂದು ವಿಚಾರಿಸಲೇ ಇಲ್ಲವಲ್ಲ?

ಪಿ.ಎಲ್.ಸಿ.: ವಿಚಾರಿಸುವ ಕ್ರಿಯಾಪದವೇ ನನ್ನ ಭಾಷೆಯಲ್ಲಿಲ್ಲ ಸ್ವಾಮೀ. ಒಂದು ಗಿರಣಿಯ ನಾಲ್ಕು ಗೋಡೆಗಳೊಳಗೆ, ಪರಸ್ಪರ ಪರಿಚಿತರಾದ ಯಂತ್ರಗಳ ನಡುವೆ ಬಳಸಲೆಂದು ಹುಟ್ಟಿದ ಭಾಷೆಯದು. ನಮ್ಮ ಸೀಮೆಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು, ಪಕ್ಕದಲ್ಲಿ ನಿಂತವನಿಗೂ ತಿಳಿಯದಂತೆ ಬೆಲೆ ಮುಗಿಸುವುದನ್ನು ಕಂಡಿದ್ದೀರಷ್ಟೆ. ನನಗೆ ಆ ಟವೆಲು ಕೂಡ ಇಲ್ಲ. ಎಲ್ಲವನ್ನೂ ಬಯಲಿನಲ್ಲಿ ಕೂಗಿ ಹೇಳುತ್ತೇನೆ, ಕೂಗಿದವರೆಲ್ಲರ ಮಾತನ್ನೂ ನಡೆಸುತ್ತೇನೆ. ಸಾಹುಕಾರರೇ ಬರೆದುಕೋ ಎಂದರೂ ಸರಿ, ಸಪ್ತಸಾಗರಗಳಾಚೆಯ ಕಿಡಿಗೇಡಿಯೇ ಎಂದರೂ ಸರಿ, ನಾನು ಬರೆದುಕೊಳ್ಳುವೆನು. ನನ್ನ ವಿಧೇಯತೆಯಲ್ಲಿ ಪಕ್ಷಪಾತವಿಲ್ಲ.

ಲೇಖಕ: ಆ ಕಿಡಿಗೇಡಿಗೆ ಆದವಾನಿಯ ಗೊಡವೆ ಏತಕ್ಕೆ?

ಪಿ.ಎಲ್.ಸಿ.: ಆತನು ಊರು ನೋಡಿ ಬರುವುದಿಲ್ಲ, ತೆರೆದ ಬಾಗಿಲು ನೋಡಿ ಬರುತ್ತಾನೆ. ಮೊಬೈಲಿನಲ್ಲಿ ಎಣಿಕೆ ಕಾಣಲೆಂದು ನಮ್ಮ ಇಂಜಿನಿಯರು ರೂಟರಿನಲ್ಲಿ 502ನೆಯ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಟ್ಟರು; ಅದು ಮಾಡ್‌ಬಸ್ಸಿನ ಹೆಬ್ಬಾಗಿಲು. ಅಂಥ ಬಾಗಿಲುಗಳನ್ನು ಹಗಲಿರುಳು ತಡವಿ ನೋಡುವ ತಂತ್ರಾಂಶಗಳಿಗೆ ಆದವಾನಿಯೂ ಒಂದೇ, ಅಮೆರಿಕವೂ ಒಂದೇ. 2023ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ಆಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜಿನಲ್ಲಿ ನನ್ನ ಬಂಧುವೊಬ್ಬನನ್ನು, ಯೂನಿಟ್ರಾನಿಕ್ಸ್ ಮನೆತನದವನನ್ನು, ಹೀಗೆಯೇ ವಶಪಡಿಸಿಕೊಂಡರು. ಅಲ್ಲಿನವರು ಯಂತ್ರವನ್ನು ನಿಲ್ಲಿಸಿ ಕೈಯಿಂದ ನಡೆಸಬೇಕಾಯಿತು. ಕಾರ್ಖಾನೆಯಿಂದಲೇ ಬಂದ 1111 ಎಂಬ ಗುಪ್ತಪದವನ್ನು ಇನ್ನಾದರೂ ಬದಲಿಸಿರೆಂದು ಆ ದೇಶದ ಸರ್ಕಾರಿ ಇಲಾಖೆಯೇ ಪ್ರಕಟಣೆ ಹೊರಡಿಸಿತು.

ಲೇಖಕ: ಹಾಗಾದರೆ ಅಂತರ್ಜಾಲಕ್ಕೆ ಸೇರದಿದ್ದವನು ಸುರಕ್ಷಿತನೆನ್ನೋಣವೇ?

ಪಿ.ಎಲ್.ಸಿ.: ಆ ಜಂಬವೂ ಬೇಡ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ಸು ಇರಾನಿನ ನತಾಂಜ್ ಅಣುಕೇಂದ್ರದಲ್ಲಿ ಸೀಮೆನ್ಸ್ ಮನೆತನದ ನಮ್ಮವರ ಬುದ್ಧಿಯನ್ನು ಕೆಡಿಸಿತು. ಅಲ್ಲಿಗೆ ಅಂತರ್ಜಾಲವಿರಲಿಲ್ಲ, ಪೆನ್‌ಡ್ರೈವಿನಂಥ ಸಾಧನದ ಮೂಲಕ ಒಳಹೊಕ್ಕಿತೆಂದು ತಜ್ಞರು ಹೇಳುತ್ತಾರೆ. ಯಂತ್ರಗಳ ವೇಗವನ್ನು ಏರುಪೇರು ಮಾಡುತ್ತಲೇ ಪರದೆಯ ಮೇಲೆ ಮಾತ್ರ ಎಲ್ಲವೂ ಸುಸೂತ್ರವೆಂದು ತೋರಿಸುತ್ತಿದ್ದಿತು. ಇಲ್ಲಿ ಮದುವೆಯ ವಿಡಿಯೋ ತುಂಬಿದ ಪೆನ್‌ಡ್ರೈವನ್ನೇ ನನ್ನ ಪ್ರೋಗ್ರಾಮು ಇರುವ ಲ್ಯಾಪ್‌ಟಾಪಿಗೂ ಚುಚ್ಚುವವರನ್ನು ನಾನು ಕಂಡಿದ್ದೇನೆ.

ಲೇಖಕ: ಕೆಟ್ಟರೆ ಏನಾದೀತು? ನಾಲ್ಕು ಬೇಲು ಕಡಿಮೆ ಬಿದ್ದಾವು.

ಪಿ.ಎಲ್.ಸಿ.: ಬೇಲಿಗೆ ತಂತಿ ಬಿಗಿಯುವ ಆಳು ಎರಡು ತೋಳುಗಳನ್ನೂ ಪ್ರೆಸ್ಸಿನ ಒಳಗೆ ಚಾಚಿರುವ ಗಳಿಗೆಯೊಂದು ಪ್ರತಿ ಸುತ್ತಿನಲ್ಲಿಯೂ ಬರುತ್ತದೆ. ಆಗ ದೂರದಿಂದ ಯಾರೋ ನನ್ನ ಅರೆಯಲ್ಲಿ 0 ಇದ್ದೆಡೆ 1 ಬರೆದರೆ, ನಾನು ಮರುಪ್ರಶ್ನೆಯಿಲ್ಲದೆ ಅರಳೆ ಒತ್ತುವ ರ್ಯಾಮನ್ನು ಇಳಿಸುವೆನು. ತುರ್ತು ನಿಲುಗಡೆಯ ಕೆಂಪು ಗುಂಡಿಯೂ ಬಾಗಿಲಿನ ರಕ್ಷಣಾ ಸ್ವಿಚ್ಚೂ ನನ್ನನ್ನು ಕೇಳದೆ ನೇರವಾಗಿ ವಿದ್ಯುತ್ತನ್ನು ಕಡಿಯುವಂತಿರಬೇಕೆಂದು ಹಿರಿಯರು ವಿಧಿಸಿದ್ದು ಇದಕ್ಕಾಗಿಯೇ. ನೆಟ್‌ವರ್ಕು ಬಂದಿತೆಂದು ಆ ತಂತಿಯನ್ನು ಬಿಚ್ಚುವವನನ್ನು ಗಿರಣಿಯೊಳಗೆ ಬಿಟ್ಟುಕೊಳ್ಳಬಾರದು.

ಲೇಖಕ: ತಮ್ಮ ಅಂತಿಮ ಅಭಿಪ್ರಾಯ?

ಪಿ.ಎಲ್.ಸಿ.: ನನ್ನನ್ನು ಜೋಡಿಸಬೇಡಿರೆಂದು ನಾನು ಹೇಳೆನು. ಎಣಿಕೆಯನ್ನು ಓದುವುದಕ್ಕಷ್ಟೇ ಬಾಗಿಲಿರಲಿ, ಬರೆಯುವುದಕ್ಕೆ ಬೇಡ. ಹೊರಗಿನಿಂದ ನೋಡಲೇಬೇಕೆನ್ನುವವರು 502ನ್ನು ಬೀದಿಗೆ ತೆರೆಯದೆ ವಿ.ಪಿ.ಎನ್. ಎಂಬ ಬೀಗವುಳ್ಳ ಖಾಸಗಿ ದಾರಿಯ ಮೂಲಕ ಬರಲಿ. ಆಫೀಸಿನ ವೈ-ಫೈ ಬೇರೆ, ಯಂತ್ರಗಳ ಸ್ವಿಚ್ಚು ಬೇರೆ ಇರಲಿ. ಪ್ರತಿ ವರ್ಷ ಆಯುಧಪೂಜೆಗೆ ನನ್ನ ಬೀರುವಿಗೆ ಗಂಧ ಹಚ್ಚುತ್ತಾರೆ, ಕುಂಕುಮವಿಡುತ್ತಾರೆ, ಚೆಂಡುಹೂವಿನ ಹಾರ ಹಾಕುತ್ತಾರೆ, ದೃಷ್ಟಿ ತಾಗದಿರಲೆಂದು ಬೂದುಗುಂಬಳಕಾಯಿ ಒಡೆಯುತ್ತಾರೆ. ಇಷ್ಟೆಲ್ಲ ಭಕ್ತಿಯುಳ್ಳವರು ಗುಪ್ತಪದವನ್ನು ಮಾತ್ರ ಬದಲಿಸಿದವರಲ್ಲ.

ಊಟ ಮುಗಿಸಿ ಆಳುಗಳು ಮರಳಿದರು. ಯಾರೋ ಹಸಿರು ಗುಂಡಿಯನ್ನೊತ್ತಿದರು. ಮಹನೀಯನು ಸಂದರ್ಶನವನ್ನು ಅಷ್ಟಕ್ಕೇ ನಿಲ್ಲಿಸಿ ಕೆಲಸಕ್ಕೆ ತೊಡಗಿದನು. ಆದವಾನಿ, ಎಮ್ಮಿಗನೂರು, ಕೋಸಿಗಿಗಳ ಓದುಗರಲ್ಲಿ ಗಿರಣಿಯ ಒಡೆಯರಿದ್ದರೆ ಅವರಲ್ಲಿ ನನ್ನ ಬಿನ್ನಹವಿಷ್ಟು: ದಸರೆಯ ಹೊತ್ತಿಗೆ ಹೊಸ ಹತ್ತಿ ಬರುವ ಮೊದಲು ನಿಮ್ಮ ಇಂಜಿನಿಯರನ್ನು ಕರೆಯಿಸಿ, ಯಂತ್ರಗಳ ವಿಳಾಸದ ಪುಸ್ತಕವೆಲ್ಲಿ, ಹೊರಗಿನಿಂದ ಯಾವ ಬಾಗಿಲು ತೆರೆದಿದೆ, ಗುಪ್ತಪದವನ್ನು ಬದಲಿಸಿದ್ದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ, ‘ಐದು ನಿಮಿಷದ ಕೆಲಸ’ ಎಂಬ ಉತ್ತರ ಬಂದರೆ, ಆ ಐದು ನಿಮಿಷವೂ ಅವರ ಪಕ್ಕದಲ್ಲಿಯೇ ನಿಂತು ನೋಡಿರಿ.