ಕಿಟಕಿ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಕಿಟಕಿ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಮಂಡಿನೋವೆಂದು ವಾಕಿಂಗ್ ಬಿಟ್ಟವರು, ಅಡುಗೆಮನೆಯ ಪೂರ್ವದ ಕಿಟಕಿಯನ್ನು ಹೆಂಡತಿಯ ಕೈಯಿಂದ ಜಪ್ತಿ ಮಾಡಿಕೊಂಡವರು. ಮೊದಲು ಉಪ್ಪಿನ ಜಾಡಿ, ಎಣ್ಣೆ ಮಿಳ್ಳೆ ಇರುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಕುಂಡಗಳು: ಕೊತ್ತಂಬರಿ, ಪುದೀನ, ಮೆಂತ್ಯ, ಜೊತೆಗೆ ಸಿದ್ದಾಪುರದ ನರ್ಸರಿಯಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಬೇಸಿಲ್. "ಇಟಲಿಯವರು ಪಿಜ್ಜಾಕ್ಕೆ ಹಾಕೋದು ಇದನ್ನೇ" ಎಂದು ಬಂದವರಿಗೆಲ್ಲ ಪರಿಚಯಿಸುತ್ತಾರೆ. ಊರಿಂದ ಬಂದ ಅತ್ತಿಗೆ ಒಂದೆಲೆ ಹೊಸಕಿ ಮೂಸಿ, "ನಮ್ಮ ಹಿತ್ತಲ ಕಾಮಕಸ್ತೂರಿ ಅಲ್ವೇನಪ್ಪಾ ಇದು? ಇದಕ್ಕೂ ದುಡ್ಡು ಕೊಟ್ಯಾ?" ಅಂದರು. ಕೇಳಿದ್ದನ್ನು ರಾಯರು ಹೇಗೋ ಸಹಿಸಿಕೊಂಡರು. ಎಲೆ ಹೊಸಕಿದ್ದನ್ನು ಇವತ್ತಿಗೂ ಕ್ಷಮಿಸಿಲ್ಲ.

ರಾಯರಿಗೆ ವಿದ್ಯೆ ಇಲ್ಲ ಅನ್ನುವ ಹಾಗಿಲ್ಲ. ಕೊತ್ತಂಬರಿಯ ಒಂದು ಗುಂಡು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಹಾಗೇ ಎರಚಬಾರದು, ಹವಾಯಿ ಚಪ್ಪಲಿಯಡಿ ಇಟ್ಟು ಮೆಲ್ಲಗೆ ಉಜ್ಜಿ ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. (ಅಡುಗೆಮನೆಗೆ ಚಪ್ಪಲಿ ತಂದದ್ದರ ಬಗ್ಗೆ ಆ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದು ಬೇಡ.) ಅದು ಮೊಳೆಯಲು 7ರಿಂದ 15 ದಿನ ಸತಾಯಿಸುತ್ತದೆ. ಮೆಂತ್ಯ ಮೂರ್ನಾಲ್ಕು ದಿನಕ್ಕೇ ತಲೆ ಎತ್ತುವುದರಿಂದ ಅದರ ಮೇಲೆ ರಾಯರಿಗೆ ಅಷ್ಟೇನೂ ಗೌರವವಿಲ್ಲ. ಪುದೀನದ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು ನೀರಿನಲ್ಲಿಟ್ಟರೆ ಗಿಣ್ಣಿನಲ್ಲಿ ಬಿಳಿ ಬೇರು ಒಡೆಯುತ್ತದೆ. ಅದನ್ನು ಕನ್ನಡಕ ಏರಿಸಿ ನೋಡಬೇಕಾದ್ದರಿಂದ ಮನೆಯ ಗಾಜಿನ ಲೋಟಗಳೆಲ್ಲ ಪುದೀನದ ಪಾಲಾಗಿವೆ. ಗಿಡ ಬೆಳಕಿನ ಕಡೆಗೇ ವಾಲುತ್ತದಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಪ್ರತಿಯೊಂದು ಕುಂಡವನ್ನೂ ಕಾಲು ಸುತ್ತು ತಿರುಗಿಸುತ್ತಾರೆ. ಕಾಫಿ ಅದಾದ ಮೇಲೆ.

ತೊಂದರೆ ಇರುವುದು ಬೆಳೆಸುವುದರಲ್ಲಲ್ಲ, ಕೀಳುವುದರಲ್ಲಿ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಹೆಂಡತಿ ಕೂಗುತ್ತಾರೆ:

"ಏನ್ರೀ, ನಾಲ್ಕು ಎಳೆ ಕೊತ್ತಂಬರಿ ಕಿತ್ಕೋತೀನಿ."

"ಈಗ್ಲೇ ಬೇಡ ಕಣೇ, ಇನ್ನೆರಡು ದಿನ ಬಿಡು. ಚೆನ್ನಾಗಿ ಕುಡಿಯೊಡೀಲಿ."

ಜೀವಮಾನವೆಲ್ಲ ಕೌಂಟರಿನಲ್ಲಿ ಕೂತು, ಅವಧಿಗೆ ಮುಂಚೆ ಫಿಕ್ಸೆಡ್ ಡೆಪಾಸಿಟ್ ಮುರಿಸಲು ಬಂದವರಿಗೆ ಬುದ್ಧಿ ಹೇಳಿ ವಾಪಸ್ ಕಳಿಸಿದ ಮನುಷ್ಯ. ಕೊತ್ತಂಬರಿಗೂ ಅದೇ ಕಾನೂನು. 40 ದಿನದ ಹೊತ್ತಿಗೆ ಕೀಳಬೇಕಾದದ್ದನ್ನು ಎರಡೆರಡು ದಿನವೆಂದು ಮುಂದೂಡುತ್ತ ಹೋದರೆ, ಅದರಲ್ಲೂ ಸೆಕೆಗಾಲವಾದರೆ, ನಡುವಿನಿಂದ ದಂಟು ಎದ್ದು ಎಲೆ ಸಣ್ಣಗೆ ಸೀಳಿಕೊಂಡು ಬಿಳಿ ಹೂ ಬಿಡುತ್ತದೆ. ಅಲ್ಲಿಗೆ ಎಲೆಯ ಘಮ ಮುಗಿಯಿತು. ರಾಯರು ಮಾತ್ರ ಆ ಹೂವಿನ ಫೋಟೊವನ್ನು ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಅಷ್ಟರಲ್ಲಿ ಹೆಂಡತಿ ಕೆಳಗಿನ ತಳ್ಳುಗಾಡಿಯಿಂದ ಕೊತ್ತಂಬರಿ ಕಟ್ಟು ತಂದಾಗಿರುತ್ತದೆ, ಕೊಸರಿಗೆ ಕರಿಬೇವು ಬೇರೆ. ಹಾಲಿನ ಲೆಕ್ಕವನ್ನೂ ಪೈಸೆ ಬಿಡದೆ ಬರೆದಿಡುವ ರಾಯರು ಕೋಕೊಪೀಟ್, ಎರೆಗೊಬ್ಬರ, ಬೇವಿನೆಣ್ಣೆಯ ಲೆಕ್ಕ ಮಾತ್ರ ಎಲ್ಲೂ ಬರೆದಿಲ್ಲ.

ಮಳೆಗಾಲದಲ್ಲಿ ಪಾಲಿಕೆಯ ಆರೋಗ್ಯ ಕಾರ್ಯಕರ್ತೆ ಟಾರ್ಚು ಹಿಡಿದು ಬಂದರು. ಸಂಪು, ಡ್ರಮ್ಮು ನೋಡಿ ಹೋಗುವವರು ಕುಂಡದ ತಟ್ಟೆಗಳನ್ನೂ ಬಗ್ಗಿ ನೋಡಿದರು. "ಸಾರ್, ತಟ್ಟೇಲಿ ನೀರು ನಿಲ್ಲಿಸ್ಬೇಡಿ. ಡೆಂಗಿ ಸೊಳ್ಳೆಗೆ ಇಷ್ಟು ನೀರು ಸಾಕು, ವಾರ ಹತ್ತು ದಿನದಲ್ಲಿ ಹಾರಾಡ್ತವೆ." ತಮ್ಮ ತೋಟದಲ್ಲಿ ಹುಳ ಹುಡುಕಿದರೆಂದು ರಾಯರಿಗೆ ಅವಮಾನ. ಸಿಟ್ಟಿನಲ್ಲಿ ತಟ್ಟೆಗಳನ್ನೇ ತೆಗೆದರು. ಮರುದಿನದಿಂದ ಕೆಂಪು ನೀರು ತೊಟ್ಟಿಕ್ಕಿದ್ದು ಎರಡನೇ ಮಹಡಿಯವರ ಬಿಳಿ ಪಂಚೆಯ ಮೇಲೆ. ಸಂಘದ ಮೀಟಿಂಗಿನಲ್ಲಿ ಲಿಫ್ಟಿನ ವಿಷಯ ಪಕ್ಕಕ್ಕೆ ಸರಿದು ಒಂದು ಗಂಟೆ ಪಂಚೆಯ ಚರ್ಚೆಯೇ ನಡೆಯಿತು. ಈಗ ತಟ್ಟೆಗಳು ವಾಪಸ್ ಬಂದಿವೆ. ದಿನಾ ನೀರು ಚೆಲ್ಲುವ ಕೆಲಸ ಹೆಂಡತಿಯದು.

ಅದೇ ಮನೆಯ ಯುಟಿಲಿಟಿಯ ಗ್ರಿಲ್ಲಿನಲ್ಲಿ, ಪಡುವಣ ಬಿಸಿಲಿಗೆ, ಒಡೆದ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಯಾವತ್ತೋ ಮುರಿದ ದೊಡ್ಡಪತ್ರೆ ಕಡ್ಡಿಯನ್ನು ಹೆಂಡತಿ ಅದಕ್ಕೆ ಚುಚ್ಚಿ ಮರೆತಿದ್ದರು. ಅದನ್ನು ಯಾರೂ ತಿರುಗಿಸಲಿಲ್ಲ, ಯಾರೂ ಫೋಟೊ ತೆಗೆಯಲಿಲ್ಲ. ಪೊದೆಯಾಗಿದೆ. ಮೊಮ್ಮಗುವಿಗೆ ಶೀತವಾದರೆ ಅದರ ರಸ, ಭಾನುವಾರ ತೆಂಗಿನಕಾಯಿ, ಜೀರಿಗೆ, ಮೆಣಸು, ಮಜ್ಜಿಗೆಯ ಜೊತೆ ಅದರದೇ ತಂಬುಳಿ. ರಾಯರು ಎರಡು ಸಲ ಬಡಿಸಿಕೊಳ್ಳುತ್ತಾರೆ, ಎಲೆ ಎಲ್ಲಿಯದು ಎಂದು ಕೇಳುವುದಿಲ್ಲ.

ನೀವು ಯಾವತ್ತಾದರೂ ಇಂಥ ರಾಯರ ಮನೆಗೆ ಹೋದರೆ ಕೊತ್ತಂಬರಿ ಕೇಳಿ ಅವರ ಬಿಪಿ ಏರಿಸಬೇಡಿ. ಅಮ್ಮನವರನ್ನು ಒಂದು ಕಡ್ಡಿ ದೊಡ್ಡಪತ್ರೆ ಕೇಳಿ, ಖುಷಿಯಿಂದ ಮುರಿದು ಕೊಡುತ್ತಾರೆ. ಮನೆಗೆ ತಂದು ಮಣ್ಣಿಗೆ ಚುಚ್ಚಿ, ಬಿಸಿಲು ಬೀಳುವ ಕಡೆ ಇಡಿ, ನೀರು ಕಡಿಮೆ ಹಾಕಿ.