ಜೋಡಿರೆಕ್ಕೆ ವಿಮಾನದ ಉತ್ತರಕಾಂಡ: ಒಂದು ಕಿರು ಮೀಮಾಂಸೆ

ಮನೆಯ ಷೆಡ್ಡಿನಲ್ಲಿ ವಿಮಾನ ಕಟ್ಟುವವರ ಕಥನಗಳು ಮೊದಲ ಹಾರಾಟದ ಫೋಟೊದೊಂದಿಗೆ ಮಂಗಳ ಹಾಡಿಬಿಡುತ್ತವೆ. ವಿಮಾನ ಏರಿತು, ಇಳಿಯಿತು, ಕಟ್ಟಿದವನು ನಕ್ಕ, ಶುಭಂ. ಮರುದಿನ ಬೆಳಗಾಗುವಷ್ಟರಲ್ಲಿ ಅವನು ಮತ್ತೆ ಸ್ಪ್ಯಾನರ್ ಹಿಡಿದು ರೆಕ್ಕೆಯಡಿ ತೂರಿಕೊಂಡದ್ದೇಕೆ? ಈ ಪ್ರಶ್ನೆಯನ್ನು ವಿದ್ವಲ್ಲೋಕ ಕಡೆಗಣಿಸಿದೆ. ಆ ಲೋಪ ತುಂಬಲು ಹೊರಟ ಪ್ರಸ್ತುತ ಪ್ರಬಂಧವು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳ ಶಾಸ್ತ್ರಕ್ರಮದಲ್ಲಿ ನಡೆಯುತ್ತದೆ.

ವಿಷಯ: ಅಮೆರಿಕದ ಕಾನೂನಿನಂತೆ ಹವ್ಯಾಸಿ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಅದೂ ಸ್ವಂತ ಶಿಕ್ಷಣಕ್ಕೆ ಇಲ್ಲವೇ ಮನರಂಜನೆಗೆ. ಸದ್ಯ ನಡೆಯುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಮನೆಯವರು ಕೇಳಿದರೆ ಉತ್ತರಿಸಲೇಬೇಕೆಂಬ ಕಟ್ಟಳೆಯನ್ನು ಕಾನೂನು ದಯವಿಟ್ಟು ವಿಧಿಸಿಲ್ಲ. ಕರ್ಟಿಸ್ ಪಿಟ್ಸ್‌ನ ವಿನ್ಯಾಸವಾಗಿ 1944ರಲ್ಲಿ ಹಾರಿದ ಪಿಟ್ಸ್ ಸ್ಪೆಷಲ್, 1968ರಲ್ಲಿ ಹಾರಿದ ಜಾನ್ ಹ್ಯಾಟ್ಜ್‌ನ ಸಿಬಿ-1, ಡೆನ್ವರ್‌ನ ಹೈಸ್ಕೂಲು ಮೇಷ್ಟರು ಲಮಾರ್ ಸ್ಟೀನ್ ವಿದ್ಯಾರ್ಥಿಗಳ ಕೈಯಲ್ಲಿ ಕಟ್ಟಿಸಿ 1970ರಲ್ಲಿ ಗಾಳಿಗೆ ಬಿಟ್ಟ ಸ್ಕೈಬೋಲ್ಟ್: ಇವೆಲ್ಲ ಮನೆಯಲ್ಲಿ ಕಟ್ಟುವ ಜೋಡಿರೆಕ್ಕೆ ವಿಮಾನಗಳ ಪರಂಪರೆಯ ಆಕರಗಳು. ಉಕ್ಕಿನ ಕೊಳವೆಯ ಒಡಲು, ಮರದ ತೊಲೆಯ ರೆಕ್ಕೆ, ಮೇಲೆ ಬಿಗಿದ ಬಟ್ಟೆ, ಎರಡು ರೆಕ್ಕೆಗಳ ನಡುವೆ ತಂತಿಗಳ ಜಾಲ.

ಸಂಶಯ: ಹಾರಿದ ವಿಮಾನ ಮುಗಿದ ವಿಮಾನವೋ, ಅಲ್ಲವೋ?

ಪೂರ್ವಪಕ್ಷ: ಮುಗಿದದ್ದೇ. ನೆಲ ಬಿಟ್ಟಿತು, ಕೇಳಿದಲ್ಲಿ ಇಳಿಯಿತು. ವಿಮಾನಕ್ಕೆ ಇದಕ್ಕಿಂತ ಬೇರೆ ಲಕ್ಷಣವಿಲ್ಲ. ರೈಟ್ ಸೋದರರೂ ಸ್ವಂತ ಕೈಯಿಂದ ಜೋಡಿರೆಕ್ಕೆ ಕಟ್ಟಿ 1903ರ ಡಿಸೆಂಬರ್ 17ರಂದು ನಾಲ್ಕು ಸಲ ಹಾರಿ, ಚರಿತ್ರೆಯಲ್ಲಿ ಜಾಗ ಹಿಡಿದು ಕೂತಿಲ್ಲವೇ?

ಈ ವಾದ ನಿಲ್ಲದು. ನಾಲ್ಕನೇ ಹಾರಾಟ ಮುಗಿದ ಮೇಲೆ ಅದೇ ದಿನ ಗಾಳಿ ಆ ವಿಮಾನವನ್ನು ಮಗುಚಿ ಮುರಿದುಹಾಕಿತು. 1904ರಲ್ಲಿ ಡೇಟನ್ ಬಳಿಯ ಹಫ್‌ಮನ್ ಪ್ರೇರಿ ಹುಲ್ಲುಗಾವಲಿನಲ್ಲಿ ಎರಡನೆಯದು ಮೂಗನ್ನು ಮೇಲೆ ಕೆಳಗೆ ಆಡಿಸುತ್ತ ಸಾಗಿದಾಗ ಸೋದರರು ಅದರ ಮುಂಭಾಗಕ್ಕೆ 70 ಪೌಂಡು ಕಬ್ಬಿಣ ಕಟ್ಟಿದರು. 1905ರ ಜುಲೈನಲ್ಲಿ ಮೂರನೆಯದು ಆರ್ವಿಲ್‌ನನ್ನು ಹೊತ್ತು ನೆಲಕ್ಕಪ್ಪಳಿಸಿತು. ಮೂಗನ್ನು ಏರಿಳಿಸುವ ಎಲಿವೇಟರನ್ನು ದೊಡ್ಡದು ಮಾಡಿ ಇನ್ನಷ್ಟು ಮುಂದಕ್ಕೆ ಚಾಚಿದರು. ಅಕ್ಟೋಬರ್ 5ರಂದು ವಿಲ್ಬರ್ ಅದರಲ್ಲಿ ಸುಮಾರು 39 ನಿಮಿಷ ಸುತ್ತಿ 24 ಮೈಲಿ ಕ್ರಮಿಸಿದ. ಮೊದಲ ಹಾರಾಟದಿಂದ ಇಲ್ಲಿಯವರೆಗಿನ ಸುಮಾರು ಎರಡು ವರ್ಷಗಳು ಪೂರ್ವಪಕ್ಷಿಯ ಲೆಕ್ಕಕ್ಕೆ ಬಂದೇ ಇಲ್ಲ.

ಸಿದ್ಧಾಂತ: ಹಾರಾಟವೆಂಬುದು ಮುಂದಿನ ರಿಪೇರಿ ಎಲ್ಲಿದೆ ಎಂದು ತಿಳಿಯುವ ಸಾಧನ. ಈ ಜ್ಞಾನ ಮೂರು ಪ್ರಮಾಣಗಳಿಂದ ಲಭ್ಯ.

ಒಂದು, ಪ್ರತ್ಯಕ್ಷ. ಸ್ಟಿಕ್ಕಿನಿಂದ ಕೈ ತೆಗೆದೊಡನೆ ಎಡ ರೆಕ್ಕೆ ತಗ್ಗಿದರೆ ಅದು ‘ಭಾರದ ರೆಕ್ಕೆ’. ತಕ್ಕಡಿಯಲ್ಲಿಟ್ಟರೆ ಎರಡೂ ಸಮ; ಈ ಭಾರ ಗಾಳಿಯಲ್ಲಿ ಮಾತ್ರ ತೋರುವ ಮಾಯೆ. ಹಿಂದಿನ ತಂತಿಗಳನ್ನು ಹೊಂದಿಸಿ ಆ ರೆಕ್ಕೆಯ ತುದಿಯ ಹಿಂಬದಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ ಅದು ಹೆಚ್ಚು ಎತ್ತತೊಡಗುತ್ತದೆ. ತಂತಿಯ ಒಂದು ತುದಿಗೆ ಬಲತಿರುಪು, ಇನ್ನೊಂದಕ್ಕೆ ಎಡತಿರುಪು, ತಿರುಗಿಸಿದರೆ ಬಿಗಿಯುತ್ತದೆ. ಆದರೆ ಈ ತಂತಿ ದುಂಡಗಿಲ್ಲ, ಚಪ್ಪಟೆ. ಅದರ ಅಂಚು ಗಾಳಿಗೆ ಎದುರಾಗಿಯೇ ನಿಲ್ಲಬೇಕು. ಹಾಗಾಗಿ ಅರ್ಧ ಸುತ್ತು ತಿರುಗಿಸಬಹುದು, ಒಂದು ಸುತ್ತು ತಿರುಗಿಸಬಹುದು. ನಡುವೆ ಎಲ್ಲಿಯೂ ಮೋಕ್ಷವಿಲ್ಲ. ಮೇಲಾಗಿ ತಂಬೂರಿಯಲ್ಲಿ ಹೇಗೋ ಹಾಗೆ, ಒಂದನ್ನು ಬಿಗಿದರೆ ಉಳಿದವುಗಳ ಶ್ರುತಿಯೂ ಕದಲುತ್ತದೆ. ಇನ್ನು ವಿಮಾನ ಓರೆಯಾಗಿ ಸಾಗುತ್ತಿದೆಯೇ ಎಂದು ತೋರಿಸುವ, ಫಲಕದ ಗಾಜುಕೊಳವೆಯ ಗುಂಡು ಸದಾ ಬಲಕ್ಕೆ ಸರಿದು ಕೂತರೆ, ರಡ್ಡರಿನ ಹಿಂದಿರುವ ಅಲ್ಯೂಮಿನಿಯಂ ಪಟ್ಟಿಯನ್ನು ಎಡಕ್ಕೆ ಬಗ್ಗಿಸತಕ್ಕದ್ದು. ಸಾಕಾಯಿತೇ, ಹೆಚ್ಚಾಯಿತೇ ಎಂದು ತಿಳಿಯಲು ಮತ್ತೆ ಹಾರತಕ್ಕದ್ದು.

ಎರಡು, ಅನುಮಾನ. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಹಳೆಯ ಉದಾಹರಣೆ; ವಿಮಾನದಲ್ಲಿ ಅಷ್ಟು ಹೊತ್ತು ಕಾಯುವ ಪದ್ಧತಿಯಿಲ್ಲ. ಲೈಕಮಿಂಗ್ ಎಂಜಿನ್ನಿನ ಸಿಲಿಂಡರ್ ತಲೆಗೆ 500 ಡಿಗ್ರಿ ಫ್ಯಾರನ್‌ಹೀಟ್ ಮಿತಿ. ಬಹುಕಾಲ ಬಾಳಬೇಕಾದರೆ 435ರೊಳಗಿರಲಿ ಎಂಬುದು ತಯಾರಕರ ಸಲಹೆ. ಹೊಸ ಎಂಜಿನ್ನಿನಲ್ಲಿ ಎಲ್ಲ ಸಿಲಿಂಡರುಗಳೂ ತುಸು ಹೆಚ್ಚು ಕಾದರೆ ಪಿಸ್ಟನ್ ರಿಂಗುಗಳು ಇನ್ನೂ ಕೂತಿಲ್ಲವೆಂದು ಊಹೆ. ಒಂದೇ ಕಾದರೆ ಗಾಳಿಯನ್ನು ಅದರ ಮೇಲೆ ಹಾಯಿಸಬೇಕಾದ ತಗಡಿನಲ್ಲಿ ಎಲ್ಲೋ ಸಂದು ಬಿಟ್ಟಿದೆಯೆಂದು ಊಹೆ. ಪರಿಹಾರ: ಟಾರ್ಚು, ಸಿಲಿಕೋನ್ ಅಂಟು, ಒಂದು ಭಾನುವಾರ.

ಮೂರು, ಶಬ್ದ. ಇಲ್ಲಿ ಆಪ್ತವಾಕ್ಯ ನುಡಿಯುವುದು ಸ್ವತಃ ತಂತಿಯೇ. ಅದು ಗುಂಯ್ ಎಂದು ನಡುಗಿದರೆ, ತಂತಿಗಳು ಒಂದನ್ನೊಂದು ಹಾಯುವ ಕಡೆ ‘ಜಾವೆಲಿನ್’ ಎಂಬ ಚೂಪುತುದಿಯ ಕೋಲನ್ನು ಕಟ್ಟಿ ಬಾಯಿ ಮುಚ್ಚಿಸುವುದು ರೂಢಿ.

ಪ್ರಯೋಜನ: ಅಮೆರಿಕದ ನಿಯಮಕಾರರು ಈ ಸಿದ್ಧಾಂತವನ್ನು ಮೊದಲೇ ಬಲ್ಲರು. ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಯಿದ್ದರೆ ವಾಡಿಕೆಯಂತೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ, ಗೊತ್ತುಮಾಡಿದ ಪ್ರದೇಶದೊಳಗೇ ಪರೀಕ್ಷಾ ಹಾರಾಟ. ಮೋಜಿಗೆ ಬರುವ ಭಾವಮೈದುನನಿಗೆ ಪ್ರವೇಶವಿಲ್ಲ. ಅದು ಮುಗಿದ ಬಳಿಕ ವಿಮಾನ ಎಲ್ಲ ಸಾಮಾನ್ಯ ವೇಗಗಳಲ್ಲಿ ಹೇಳಿದಂತೆ ಕೇಳುತ್ತದೆ, ಅಪಾಯದ ಗುಣವೇನೂ ಇಲ್ಲ ಎಂದು ಲಾಗ್‌ಬುಕ್ಕಿನಲ್ಲಿ ದಾಖಲಾಗಬೇಕು. ಕಟ್ಟಿದವನು ತನ್ನದೇ ವಿಮಾನದ ರಿಪೇರಿಗಾರನೆಂಬ ಪ್ರಮಾಣಪತ್ರವನ್ನೂ ಪಡೆಯಬಹುದು. ಆಗ ವರ್ಷಾವರ್ಷದ ತಪಾಸಣೆಯಲ್ಲಿ ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಂದೇ ಮೇಲಂಗಿ ತೊಟ್ಟಿರುತ್ತಾರೆ.

ಇಷ್ಟಾದ ಮೇಲೆ ವಿಮಾನ ಮುಗಿಯಿತೆನ್ನಲು ಶಾಸ್ತ್ರದ ಅಡ್ಡಿಯಿಲ್ಲ. ಆದರೆ ಬೇರೆ ಬಗೆಯ ಪ್ರೊಪೆಲ್ಲರ್ ಹಾಕುವಂಥ ದೊಡ್ಡ ಬದಲಾವಣೆ ಮಾಡಿದರೆ ಮತ್ತೆ ಪರೀಕ್ಷಾ ಹಂತಕ್ಕೇ ಮರಳಬೇಕೆಂಬ ಉಪನಿಯಮವೂ ಇದೆ. ಕಟ್ಟಿದವನು ಅದನ್ನು ಎರಡೆರಡು ಸಲ ಓದಿಕೊಂಡು, ಸದ್ಯ ಪ್ರೊಪೆಲ್ಲರುಗಳ ಬೆಲೆ ವಿಚಾರಿಸುತ್ತಿದ್ದಾನೆ.